ದೇಶಕ್ಕಿಂತ ಮೊದಲು ಮನೆ ನೋಡಿ: ಎಕ್ಸ್‌ಚೇಂಜ್‌ಗೆ ಹೋಗುವ ಮಗುವಿಗೆ ಯಾವ ಹೋಸ್ಟ್ ಮನೆ?

ಕಳೆದ ತಿಂಗಳು ಒಂದು ಭಾನುವಾರ ಹಾಸನದ ನಮ್ಮ ಮನೆಗೆ ಒಂದು ಕುಟುಂಬ ಬಂದಿತ್ತು. ಅಪ್ಪ, ಅಮ್ಮ, ಹತ್ತನೇ ಕ್ಲಾಸಿನ ಮಗ. ಅಪ್ಪನ ಕೈಯಲ್ಲಿ ಒಂದು ಫೈಲು, ಅದರ ತುಂಬ ಬ್ರೋಷರುಗಳು. ಕೂತ ಕೂಡಲೇ ಕೇಳಿದರು: "ಅಕ್ಕಾ, ಹುಡುಗನ್ನ ಒಂದು ವರ್ಷ ಎಕ್ಸ್‌ಚೇಂಜ್‌ಗೆ ಕಳಿಸೋಣ ಅಂತಿದೀವಿ. ಅಮೆರಿಕ ಒಳ್ಳೇದಾ, ಜಪಾನ್ ಒಳ್ಳೇದಾ?" ಎಕ್ಸ್‌ಚೇಂಜ್ ಅಂದರೆ ಮಗು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಒಂದು ಕುಟುಂಬದ ಮನೆಯಲ್ಲಿ ಇದ್ದುಕೊಂಡು ಅಲ್ಲಿನ ಶಾಲೆಯಲ್ಲಿ ಓದಿ ಬರುವುದು. ಹಾಗೆ ಇಟ್ಟುಕೊಳ್ಳುವ ಮನೆಯೇ ಹೋಸ್ಟ್ ಮನೆ.

ನಾನು ತಟ್ಟೆಯಲ್ಲಿ ಕೋಡುಬಳೆ ಇಟ್ಟಿದ್ದೆ. ಹುಡುಗ ಎರಡು ಸಲ ಅದರ ಕಡೆ ನೋಡಿದ. ಕೈ ಹಾಕಲಿಲ್ಲ. ಅವನ ಅಮ್ಮ "ತಗೋ ಮಗ" ಅಂದ ಮೇಲೆ ಒಂದು ತಗೊಂಡ. ಅದು ಮುಗಿದ ಮೇಲೆ ಮತ್ತೆ ತಟ್ಟೆಯನ್ನೇ ನೋಡುತ್ತಾ ಕೂತ.

"ದೇಶ ಆಮೇಲೆ ನೋಡೋಣ" ಅಂದೆ. "ಇವನು ಬೇರೆಯವರ ಮನೇಲಿ ಹಸಿವಾದ್ರೆ ಬಾಯಿ ಬಿಟ್ಟು ಕೇಳ್ತಾನಾ?"

ಅಪ್ಪ ನಕ್ಕರು. ಅಮ್ಮ ನಗಲಿಲ್ಲ.

ಈ ಬರಹ ಆ ಅಮ್ಮನಿಗೆ, ಅವರ ಹಾಗೇ ಯೋಚನೆ ಮಾಡುತ್ತಿರುವ ಹಾಸನ, ಚಿಕ್ಕಮಗಳೂರು ಕಡೆಯ ಅಪ್ಪ ಅಮ್ಮಂದಿರಿಗೆ. ನಮ್ಮ ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ ಒಂದು ವರ್ಷ ಅಮೆರಿಕದ ಒಂದು ಸಣ್ಣ ಊರಿನಲ್ಲಿ ಓದಿ ಬಂದಳು. ಮೂರು ಮನೆಗಳಲ್ಲಿ ಇದ್ದಳು. ಅವಳು ಅಲ್ಲಿದ್ದಾಗ ಜರ್ಮನಿಯ ಹುಡುಗಿಯೊಬ್ಬಳು ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಇದ್ದಳು. ಚಿಕ್ಕಮಗಳೂರಿನ ಹತ್ತಿರ ತೋಟದಲ್ಲಿರುವ ನಮ್ಮ ಅಕ್ಕನ ಮಗ ಜಪಾನಿನಲ್ಲಿ ಒಂದೇ ಮನೆಯಲ್ಲಿ ಇದ್ದು ಬಂದ. ನಮ್ಮ ಬೀದಿಯ ಇನ್ನೊಬ್ಬ ಹುಡುಗಿ ತಿಂಗಳು ತಿಂಗಳು ದುಡ್ಡು ಕಟ್ಟುವ ಮನೆಯಲ್ಲಿ ಇದ್ದಳು. ಇಷ್ಟೂ ಕಣ್ಣಾರೆ ನೋಡಿ ನನಗೆ ಗಟ್ಟಿಯಾಗಿರುವುದು ಒಂದೇ. ಯಾವ ದೇಶ ಅನ್ನುವುದು ಎರಡನೇ ಪ್ರಶ್ನೆ. ಮಗು ಯಾರ ಮನೆಯಲ್ಲಿ, ಯಾವ ಲೆಕ್ಕದಲ್ಲಿ ಇರುತ್ತೆ ಅನ್ನುವುದು ಮೊದಲನೇದು.

ಒತ್ತಾಯ ಮಾಡುವವರಿಲ್ಲದ ಊಟ

ಹೋಲಿಕೆಗೆ ಮೊದಲು ನಮ್ಮ ಮಗಳ ಮೊದಲ ವಾರದ ಕಥೆ ಹೇಳಬೇಕು. ಆ ಮನೆಯವರು ತುಂಬ ಒಳ್ಳೆಯವರು. ಹೋದ ದಿನವೇ ಫ್ರಿಜ್ ಬಾಗಿಲು ತೆಗೆದು ತೋರಿಸಿ, "ಏನು ಬೇಕೋ ನೀನೇ ತಗೊಂಡು ತಿನ್ನು" ಅಂದರಂತೆ. ಸಂಜೆ ಆರು ಗಂಟೆಗೇ ರಾತ್ರಿಯ ಊಟ. ಹೋಸ್ಟ್ ಅಮ್ಮ "ಇನ್ನೂ ಸ್ವಲ್ಪ ಬೇಕಾ?" ಅಂತ ಕೇಳಿದರು. ಇವಳು "ಬೇಡ" ಅಂದಳು. ಅವರು ಪಾತ್ರೆ ಮುಚ್ಚಿ ಎತ್ತಿಟ್ಟರು.

ನಮ್ಮಲ್ಲಿ ಮೊದಲನೇ "ಬೇಡ"ಕ್ಕೆ ಬೆಲೆಯೇ ಇಲ್ಲ, ಅಲ್ವಾ? ನಾವು ಬೇಡ ಅನ್ನಬೇಕು, ಬಡಿಸುವವರು "ಅಯ್ಯೋ, ಒಂದೇ ಸೌಟು" ಅನ್ನಬೇಕು. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಬೀಳಬೇಕು. ಹಾಗೆ ಬೆಳೆದ ಮಗು ಅದು. ರಾತ್ರಿ ಒಂಬತ್ತಕ್ಕೆ ಹೊಟ್ಟೆ ಚುರುಗುಟ್ಟುತ್ತಿತ್ತು. ಫ್ರಿಜ್ ಅವಳ ರೂಮಿನಿಂದ ಇಪ್ಪತ್ತು ಹೆಜ್ಜೆ. ಹೋಗಿ ತೆಗೆಯಲಿಲ್ಲ. ಬೇರೆಯವರ ಮನೆಯ ಅಡುಗೆಮನೆಗೆ ಹೇಗೆ ನುಗ್ಗುವುದು? ಹೋಸ್ಟ್ ಮನೆಯವರಿಗೆ ಕೊಡಲು ಅಂತ ನಾನು ಕಟ್ಟಿಕೊಟ್ಟಿದ್ದ ನಿಪ್ಪಟ್ಟನ್ನು ನಾಲ್ಕು ರಾತ್ರಿ ತಿಂದು ಮಲಗಿದಳು.

ಐದನೇ ದಿನ ಬೆಳಗ್ಗೆ ಆರೂವರೆಗೆ ಫೋನ್ ಬಂತು. ಒಲೆ ಮೇಲೆ ಹಾಲಿತ್ತು. "ಅಮ್ಮಾ, ಇಲ್ಲಿ ಯಾರೂ ಒತ್ತಾಯ ಮಾಡಲ್ಲ" ಅಂದಳು, ಅಷ್ಟೇ. ಹಾಲು ಉಕ್ಕಿ ಒಲೆ ಆರಿತು. ನನಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು: "ಈಗಲೇ ಹೋಗಿ ಹೇಳು, ನಮ್ಮೂರಲ್ಲಿ ಮೊದಲನೇ ಬೇಡ ಅಂದ್ರೆ ಹೂಂ ಅಂತ." ಅಲ್ಲಿ ಆಗ ರಾತ್ರಿ ಎಂಟು. ಹೋಗಿ ಹೇಳಿದಳು. ಆ ತಾಯಿ ಅವಳನ್ನು ತಬ್ಬಿಕೊಂಡು ಅತ್ತರಂತೆ. ಮಾರನೇ ದಿನ ಫ್ರಿಜ್‌ನ ಒಂದು ಅರೆಗೆ ಇವಳ ಹೆಸರಿನ ಚೀಟಿ ಅಂಟಿಸಿದ್ದರು.

ನಮ್ಮ ಮನೆಯಲ್ಲಿ ಆಗಿದ್ದು ಇದರ ತಿರುಗುಮುರುಗು. ಜರ್ಮನಿಯ ಹುಡುಗಿ ಸಾಕು ಅಂದರೂ ನಾವು ಬಡಿಸಿದೆವು. ಮುದ್ದೆ, ಹುರುಳಿ ಸಾರು, ಮೇಲೆ ತುಪ್ಪ. ಪಾಪ, ತಟ್ಟೆಯಲ್ಲಿ ಬಿಡುವುದು ತಪ್ಪು ಅಂತ ಪೂರ್ತಿ ತಿನ್ನುತ್ತಿದ್ದಳು. ಆಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಮ್ಮ ಅತ್ತೆಗೆ ಅದೇ ಚಿಂತೆ. "ಏನ್ ಕೋಪ ಆ ಮಗೂಗೆ?" ಅಂತ ಗಂಟೆಗೊಮ್ಮೆ ಬಾಗಿಲು ತಟ್ಟುವರು. ಹಾಸನಾಂಬೆಯ ಗುಡಿ ಬಾಗಿಲು ವರ್ಷದಲ್ಲಿ ಕೆಲವು ದಿನ ಬಿಟ್ಟು ಉಳಿದಂತೆ ಮುಚ್ಚಿದ್ದರೂ ನಮ್ಮೂರಿಗೆ ಅದು ಸಹಜ. ಮನೆಯೊಳಗಿನ ಬಾಗಿಲು ಅರ್ಧ ಗಂಟೆ ಮುಚ್ಚಿದರೆ ಆಗಲ್ಲ. ಮೂರನೇ ವಾರ ಅವಳು ತನ್ನ ಕೌನ್ಸೆಲರ್ ಹತ್ತಿರ, ಅಂದರೆ ಅವಳ ಕಷ್ಟಸುಖ ಕೇಳಲು ಅಂತ ಗೊತ್ತುಮಾಡಿದವರ ಹತ್ತಿರ, ಹೇಳಿದ್ದು ಏನು ಗೊತ್ತಾ? "ಈ ಮನೆಯಲ್ಲಿ ನಾನು ಹೇಳಿದ್ದು ಯಾರಿಗೂ ಕೇಳಿಸಲ್ಲ." ಪ್ರೀತಿ ಮಾಡುತ್ತಿದ್ದೇವೆ ಅಂದುಕೊಂಡಿದ್ದ ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತೆ. ತಪ್ಪು ನಮ್ಮದೇ ಆಗಿತ್ತು.

ಎರಡೂ ಕಡೆ ಜನ ಒಳ್ಳೆಯವರೇ. ಆದರೂ ಎರಡು ಮಕ್ಕಳು ಒಳಗೊಳಗೇ ನೊಂದವು. ಅದಕ್ಕೇ ಮನೆ ಒಳ್ಳೇದಿದೆಯಾ ಅಂತ ಮಾತ್ರ ಕೇಳಿದರೆ ಸಾಲದು. ಮನೆ ಹೊಂದದಿದ್ದರೆ ಮಗು ಯಾರ ಹತ್ತಿರ ಹೋಗಿ ಹೇಳಬೇಕು, ಹೇಳಿದ ಮೇಲೆ ಏನಾಗುತ್ತೆ, ಇದನ್ನು ಕೇಳಬೇಕು. ಇಲ್ಲಿಂದ ಮುಂದಿನ ಹೋಲಿಕೆಯಲ್ಲಿ ನಾನು ಅಳೆಯುತ್ತಿರುವುದು ಇದನ್ನೇ.

ವರ್ಷವಿಡೀ ಒಂದೇ ಮನೆ

ಎಎಫ್‌ಎಸ್‌ನಂಥ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಇದೇ ರೂಢಿ. ಈ ಸಂಸ್ಥೆಯ ಹುಟ್ಟು ನನಗೆ ತುಂಬ ಇಷ್ಟ. ಎರಡು ಮಹಾಯುದ್ಧಗಳಲ್ಲಿ ಗಾಯಗೊಂಡವರನ್ನು ಸಾಗಿಸುತ್ತಿದ್ದ ಆಂಬುಲೆನ್ಸ್ ಸ್ವಯಂಸೇವಕರು ಕಟ್ಟಿದ್ದು ಅದು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅವರು ಶಾಲೆಯ ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸುವ ಕೆಲಸ ಶುರು ಮಾಡಿದರು. ಭಾರತದಲ್ಲೂ ಅವರ ಸಂಸ್ಥೆ ಇದೆ. ಹೋಸ್ಟ್ ಮನೆಯವರಿಗೆ ಸಂಬಳ ಇಲ್ಲ, ಇಷ್ಟಪಟ್ಟು ಇಟ್ಟುಕೊಳ್ಳುತ್ತಾರೆ. ಆದರೆ ನಾವು ಸಂಸ್ಥೆಗೆ ಕಾರ್ಯಕ್ರಮದ ಶುಲ್ಕ ಕಟ್ಟಬೇಕು. ವರ್ಷದ್ದಾದರೆ ಅದು ದೊಡ್ಡ ಮೊತ್ತವೇ. ಕೆಲವು ದೇಶಗಳಿಗೆ ವಿದ್ಯಾರ್ಥಿವೇತನ ಸಿಗುತ್ತೆ, ಕೇಳಿ ನೋಡಬೇಕು.

ಒಂದೇ ಮನೆಯ ದೊಡ್ಡ ಲಾಭ ಭಾಷೆ ಮತ್ತು ಬೇರು. ಅಕ್ಕನ ಮಗ ಜಪಾನಿಗೆ ಹೋದಾಗ ಅವನಿಗೆ ಬರುತ್ತಿದ್ದದ್ದು ಹತ್ತು ಹನ್ನೆರಡು ಮಾತು. ಮೊದಲ ರಾತ್ರಿ ಸ್ನಾನಕ್ಕೆ ಮನೆಯವರು ಅತಿಥಿ ಅಂತ ಅವನನ್ನೇ ಮೊದಲು ಕಳಿಸಿದರು. ಅಲ್ಲಿ ತೊಟ್ಟಿಯ ಹೊರಗೆ ಸ್ಟೂಲ್ ಮೇಲೆ ಕೂತು, ಸೋಪು ಹಚ್ಚಿ ಮೈ ತೊಳೆದು, ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಮಲೆನಾಡಿನ ಹುಡುಗನಿಗೆ ಮೊದಲ ಅರ್ಧ ಸಲೀಸು. ಬಚ್ಚಲಲ್ಲಿ ಹಂಡೆಯ ಪಕ್ಕ ಕೂತು ಚೊಂಬಿನಲ್ಲಿ ಮೊಗೆದುಕೊಂಡ ಹಾಗೇ. ತೊಟ್ಟಿಗೆ ಇಳಿದು ಎದ್ದವನು, ತಾನು ಕೂತ ನೀರು ಅಂತ ಬೂಚು ಕಿತ್ತು ಪೂರ್ತಿ ಬಿಟ್ಟುಬಿಟ್ಟ. ಆದರೆ ಆ ನೀರು ಮನೆಯವರಿಗೆಲ್ಲ. ಹೊರಗೆ ಇನ್ನೂ ನಾಲ್ಕು ಜನ ಸರದಿ ಕಾಯುತ್ತಿದ್ದರು.

ಯಾರೂ ಬೈಯಲಿಲ್ಲ. ಹೋಸ್ಟ್ ಅಜ್ಜಿ ಒಂದು ಹಾಳೆಯಲ್ಲಿ ತೊಟ್ಟಿಯ ಚಿತ್ರ ಬರೆದು, ಐದು ಜನರನ್ನು ಸಾಲಾಗಿ ಬರೆದು, ಕೊನೆಯವರ ಕೈಗೆ ಬೂಚು ಕೊಟ್ಟು ತೋರಿಸಿದರಂತೆ. ಅವನಿಗೆ ಥಟ್ಟನೆ ಅರ್ಥವಾಯಿತು. ಹಂಡೆ ನೀರನ್ನು ಒಬ್ಬನೇ ಖಾಲಿ ಮಾಡಿದರೆ ನಮ್ಮ ಅಮ್ಮ ಏನನ್ನುತ್ತಿದ್ದರು ಅಂತ ಅವನಿಗೆ ಗೊತ್ತು. ಹತ್ತು ತಿಂಗಳು ಅದೇ ಮನೆ, ಅದೇ ಅಜ್ಜಿ. ವಾಪಸ್ ಬರುವಷ್ಟರಲ್ಲಿ ಆ ಅಜ್ಜಿಯ ಜೊತೆ ಕೂತು ಹರಟುವಷ್ಟು ಜಪಾನೀಸ್ ಬಂದಿತ್ತು. ಮೂರು ಮನೆ ಬದಲಾಯಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂತ ಅವನೇ ಹೇಳುತ್ತಾನೆ.

ಅವನು ಮೀನು ತಿನ್ನುತ್ತಾನೆ, ಅದೂ ಅನುಕೂಲವಾಯಿತು. ಅಲ್ಲಿನ ಸೂಪು, ಸಾಸು, ನೂಡಲ್ಸ್‌ಗೆಲ್ಲ ಬಳಸುವ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದ ಮಾಡುತ್ತಾರೆ. ಶುದ್ಧ ಸಸ್ಯಾಹಾರಿ ಮಗುವನ್ನು ಜಪಾನಿನ ಮನೆಗೆ ಕಳಿಸುವ ಮುಂಚೆ ಇದನ್ನು ಸರಿಯಾಗಿ ಯೋಚನೆ ಮಾಡಿ. ಜರ್ಮನಿಯಲ್ಲಿ ಅಷ್ಟು ಕಷ್ಟ ಇಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವೇ ಬ್ರೆಡ್ಡು, ಚೀಸು, ತರಕಾರಿ, ಅದೂ ತಣ್ಣಗೆ. ಬಿಸಿ ಅನ್ನ ಸಾರು ಇಲ್ಲದೆ ನಿದ್ದೆ ಬರದ ಮಗುವಿಗೆ ಅದೇ ಕಷ್ಟವಾದೀತು.

ಒಂದೇ ಮನೆಯ ಕಷ್ಟ ಏನು? ಹೊಂದಾಣಿಕೆ ಆಗದಿದ್ದರೆ ವರ್ಷ ಉದ್ದವಾಗುತ್ತೆ. ಮನೆ ಬದಲಾಯಿಸಿಕೊಡುತ್ತಾರೆ, ಅದಕ್ಕೆ ವ್ಯವಸ್ಥೆ ಇದೆ. ಆದರೆ ಮಗುವೇ ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ "ನನ್ನಿಂದ ಅವರಿಗೆ ಬೇಜಾರಾಯ್ತು" ಅನ್ನುವ ಅಳುಕು ಕಾಡುತ್ತೆ. ಮುಜುಗರದ ಸ್ವಭಾವದ ಮಕ್ಕಳು ಹಲ್ಲು ಕಚ್ಚಿಕೊಂಡು ಕೂತುಬಿಡುತ್ತಾರೆ.

ಮೂರು ಮನೆ

ಇದು ರೋಟರಿ ಅನ್ನುವ ಸಮಾಜಸೇವಾ ಕ್ಲಬ್‌ಗಳ ಪದ್ಧತಿ. ವರ್ಷದ ಎಕ್ಸ್‌ಚೇಂಜ್‌ಗೆ ಹೋದ ಮಗುವನ್ನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ, ಹೆಚ್ಚಾಗಿ ಮೂರರಲ್ಲಿ, ಇಡುತ್ತಾರೆ. ಹಾಸನ, ಚಿಕ್ಕಮಗಳೂರು, ಎರಡೂ ಕಡೆ ರೋಟರಿ ಕ್ಲಬ್‌ಗಳಿವೆ. ಅರ್ಜಿ ಹೋಗಬೇಕಾದದ್ದು ನಮ್ಮೂರಿನ ಕ್ಲಬ್ ಮೂಲಕ. ಅಪ್ಪ ಅಮ್ಮ ರೋಟರಿ ಸದಸ್ಯರೇ ಆಗಿರಬೇಕು ಅಂತಿಲ್ಲ. ನಾವೂ ಆಗಿರಲಿಲ್ಲ. ಊಟ, ವಸತಿ ಹೋಸ್ಟ್ ಮನೆಯವರದ್ದು, ಶಾಲೆಯ ವ್ಯವಸ್ಥೆ ಅಲ್ಲಿನ ಕ್ಲಬ್‌ನದ್ದು. ನಮ್ಮ ಪಾಲಿಗೆ ವಿಮಾನ, ವೀಸಾ, ವಿಮೆ ಮತ್ತು ಸಣ್ಣಪುಟ್ಟ ಖರ್ಚು. ಹಾಗಾಗಿ ದುಡ್ಡಿನ ಲೆಕ್ಕದಲ್ಲಿ ವರ್ಷದ ದಾರಿಗಳಲ್ಲಿ ಸಾಮಾನ್ಯವಾಗಿ ಇದೇ ಹಗುರ. ಬದಲಿಗೆ ಮನೆಯ ಬಾಗಿಲು ತೆರೆಯಬೇಕಾಗುತ್ತೆ. ಒಂದು ಮಗು ಹೋದರೆ ಒಂದು ಮಗು ಬರುತ್ತೆ, ಅದಕ್ಕೂ ಇಲ್ಲಿ ಮನೆ ಬೇಕಲ್ಲ. ಜರ್ಮನಿಯ ಹುಡುಗಿ ನಮ್ಮಲ್ಲಿಗೆ ಬಂದದ್ದು ಹಾಗೆ.

ನಿಯಮ ಕಟ್ಟುನಿಟ್ಟು. ಕುಡಿತ, ಮಾದಕ ವಸ್ತು, ವಾಹನ ಓಡಿಸುವುದು, ಪ್ರೇಮ ಪ್ರಕರಣ, ಈ ನಾಲ್ಕೂ ಬೇಡ. ಇಂಗ್ಲಿಷಿನಲ್ಲಿ ನಾಲ್ಕೂ "ಡಿ" ಅಕ್ಷರದಿಂದ ಶುರುವಾಗುವುದರಿಂದ ಮಕ್ಕಳು "ನಾಲ್ಕು ಡಿ" ಅನ್ನುತ್ತಾರೆ.

ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕೌನ್ಸೆಲರ್. ಪ್ರತಿ ಮಗುವಿಗೂ ಒಬ್ಬರು ಇರುತ್ತಾರೆ, ಅವರು ಹೋಸ್ಟ್ ಮನೆಯವರಾಗಿರುವಂತಿಲ್ಲ. ಅಂದರೆ ಮನೆಯ ಮಾತು ಹೇಳಿಕೊಳ್ಳಲು ಮನೆಯ ಹೊರಗೆ ಒಂದು ಕಿವಿ. ಜರ್ಮನಿಯ ಹುಡುಗಿಯ ಕೌನ್ಸೆಲರ್ ಅವತ್ತು ಸಂಜೆ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ನಿಧಾನವಾಗಿ ವಿಷಯ ತೆಗೆದರು. ನಾವೂ ಮಾತಾಡಿದೆವು, ಹುಡುಗಿಯೂ ಮಾತಾಡಿದಳು. ಮಾರನೇ ದಿನದಿಂದ ಅವಳ "ಸಾಕು" ನಮಗೆ ಸಾಕೇ ಆಯಿತು. ಅತ್ತೆ ಬಾಗಿಲು ತಟ್ಟುವುದು ಬಿಟ್ಟರು. ಒಂದು ವಾರಕ್ಕೆ ಅವಳೇ ಬಾಗಿಲು ತೆರೆದಿಟ್ಟು ಓದಲು ಕೂತಳು. ಅತ್ತೆಗೆ ಅದು ಹಬ್ಬ.

ಇನ್ನು ಮನೆ ಬದಲಾವಣೆ. ನಮ್ಮ ಮಗಳಿಗೆ ಮೊದಲ ಮನೆಯಲ್ಲಿ ಇಬ್ಬರು ಪುಟ್ಟ ತಮ್ಮಂದಿರು. ಫ್ರಿಜ್‌ನಲ್ಲಿ ಅವಳ ಹೆಸರಿನ ಅರೆ. ಎಲ್ಲ ಸರಿಹೋಯಿತು ಅನ್ನುವಾಗ ಡಿಸೆಂಬರಿನಲ್ಲಿ ಪೆಟ್ಟಿಗೆ ಕಟ್ಟಬೇಕಾಯಿತು. ಹೊರಗೆ ಮೊಣಕಾಲುದ್ದ ಹಿಮ. ಆ ತಮ್ಮಂದಿರಲ್ಲಿ ಚಿಕ್ಕವನು ಅವಳ ಒಂದು ಬೂಟು ಬಚ್ಚಿಟ್ಟು, ಹೋಗಬೇಡ ಅಂತ ಹಟ ಹಿಡಿದನಂತೆ. ಎರಡನೇ ಮನೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ತಾಯಿ, ಅವರ ಒಬ್ಬಳೇ ಮಗಳು. ಎಷ್ಟೋ ಸಂಜೆ ತಾನೇ ಅನ್ನ ಮಾಡಿಕೊಂಡು ಉಂಡಳು. ನಮ್ಮ ಮನೆಯಲ್ಲಿ ಒಂದು ಲೋಟ ತೊಳೆಯದವಳು ಬಟ್ಟೆ ಒಗೆಯುವ ಮಷೀನು, ಪಾತ್ರೆ ತೊಳೆಯುವ ಮಷೀನು, ಎಲ್ಲ ಕಲಿತದ್ದು ಅಲ್ಲೇ. ಮೂರನೇ ಮನೆ ವಯಸ್ಸಾದ ಗಂಡ ಹೆಂಡತಿಯದು. ಅವರ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ್ದರು. ಇಬ್ಬರೂ ರಾತ್ರಿ ಊಟ ಆದ ಮೇಲೆ ಇವಳ ಜೊತೆ ಇಸ್ಪೀಟ್ ಆಡುತ್ತಿದ್ದರು. ಈಗಲೂ ಅವಳ ಹುಟ್ಟುಹಬ್ಬಕ್ಕೆ ಕಾರ್ಡ್ ಬರುವುದು ಆ ಮನೆಯಿಂದ.

ಹೀಗೆ ಮೂರು ಮನೆ ಅಂದರೆ ಮೂರು ಥರದ ಬದುಕು. ಒಂದು ಹೊಂದದಿದ್ದರೂ ಮುಂದಿನದು ಇದೆ ಅನ್ನುವ ಧೈರ್ಯ. ಮನೆ ಬದಲಾಯಿಸುವುದು ಇಲ್ಲಿ ದೂರು ಅಲ್ಲ, ಕ್ರಮ. ಮುಜುಗರದ ಮಗುವಿಗೆ ಇದು ದೊಡ್ಡ ಆಸರೆ. ಆದರೆ ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಟ್ಟಲೆ ಬೇಕಾಗುವ ಮಕ್ಕಳಿರುತ್ತಾರೆ. ಅವರಿಗೆ ಒಂದೇ ಮನೆ ವಾಸಿ.

ದುಡ್ಡು ಕೊಟ್ಟು ಇರುವ ಮನೆ

ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ಜಾಸ್ತಿ. ಅಲ್ಲಿನ ಶಾಲೆಗೆ ಫೀಸು ಕಟ್ಟಿ ಸೇರುವುದು, ಹೋಂಸ್ಟೇಗೆ ವಾರಕ್ಕೋ ತಿಂಗಳಿಗೋ ಇಷ್ಟು ಅಂತ ಬೇರೆ ಕಟ್ಟುವುದು. ಚಿಕ್ಕಮಗಳೂರಿನ ಕಡೆ ಹೋಂಸ್ಟೇ ಅಂದ ಕೂಡಲೇ ಪ್ರವಾಸಿಗರು, ಜೀಪು, ಬೆಂಕಿ ಹಾಕಿ ಕೂರುವುದು ನೆನಪಾಗುತ್ತೆ. ಅಲ್ಲಿ ಅದೇ ಪದಕ್ಕೆ ವಿದ್ಯಾರ್ಥಿಯನ್ನು ಇಟ್ಟುಕೊಳ್ಳುವ ಮನೆ ಅಂತ ಅರ್ಥ.

ನಮ್ಮ ಬೀದಿಯ ಹುಡುಗಿಗೆ ಇಂಥದ್ದರಲ್ಲಿ ಕಷ್ಟವಾಯಿತು. ಯಾವ ದೇಶ, ಯಾವ ಏಜೆನ್ಸಿ ಅನ್ನುವುದು ಇಲ್ಲಿ ಬೇಡ. ಆ ಮನೆಯಲ್ಲಿ ಬೇರೆ ಬೇರೆ ದೇಶದ ನಾಲ್ಕು ಮಕ್ಕಳು. ಮನೆಯವರು ಮೇಲೆ, ಮಕ್ಕಳು ಕೆಳಗೆ. ಫ್ರೀಜರ್‌ನಲ್ಲಿ ಇಟ್ಟದ್ದನ್ನು ಬಿಸಿ ಮಾಡಿಕೊಂಡು ಮಕ್ಕಳೇ ತಿನ್ನುವುದು. ಒಂದೇ ಮನೆಯಲ್ಲಿದ್ದೂ ಮನೆಯವರ ಜೊತೆ ಕೂತು ಊಟ ಮಾಡಿದ್ದು ಬೆರಳೆಣಿಕೆಯಷ್ಟು ದಿನ. ಅವಳ ಅಮ್ಮ ನನ್ನ ಹತ್ತಿರ ಅಳುತ್ತಾ, "ಇದಕ್ಕೆ ಬೆಂಗಳೂರಲ್ಲಿ ಪಿಜಿ ಸಾಕಾಗಿತ್ತಲ್ಲ ಅಕ್ಕಾ" ಅಂದರು.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ದುಡ್ಡು ಕೊಟ್ಟಿರುವುದರಿಂದ ಕೇಳುವ ಹಕ್ಕು ಸ್ಪಷ್ಟ. ಆ ಅಮ್ಮ ಶಾಲೆಗೆ ಪತ್ರ ಬರೆದರು. ಮೂರು ವಾರದಲ್ಲಿ ಮನೆ ಬದಲಾಯಿತು. ಎರಡನೇ ಮನೆಯವರು ನಮ್ಮ ಸಸ್ಯಾಹಾರದ ವಿಷಯ ಕೇಳಿ ಕೇಳಿ ತಿಳಿದುಕೊಂಡು, ಅವಳಿಗೇ ಅಂತ ಬೇರೆ ಬಾಣಲೆ ತಂದರು. ಊಟ, ರೂಮು, ಮನೆಯಲ್ಲಿ ಬೇರೆ ವಿದ್ಯಾರ್ಥಿಗಳ ಸಂಖ್ಯೆ, ಇವನ್ನೆಲ್ಲ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬಹುದು. ಇಷ್ಟಪಟ್ಟು ಇಟ್ಟುಕೊಳ್ಳುವವರ ಹತ್ತಿರ ಹಾಗೆ ಷರತ್ತು ಹಾಕಲು ಆಗಲ್ಲ. ಆರೋಗ್ಯದ ಕಾರಣಕ್ಕೆ ಊಟದಲ್ಲಿ ತುಂಬ ಕಟ್ಟುಪಾಡು ಇರುವ ಮಗುವಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ. ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ಆ ಮನೆಯಲ್ಲಿ ಇನ್ನೆಷ್ಟು ಜನ ವಿದ್ಯಾರ್ಥಿಗಳು? ರಾತ್ರಿ ಊಟ ಎಲ್ಲರೂ ಒಟ್ಟಿಗಾ?

ಮೂರು ನಾಲ್ಕು ವಾರ ಸಾಕೇ?

ಎಷ್ಟೋ ಮಕ್ಕಳಿಗೆ ಸಾಕು. ಶಾಲೆ ಶಾಲೆಗಳ ನಡುವಿನ ಭೇಟಿ, ರೋಟರಿಯ ಅಲ್ಪಾವಧಿ ಎಕ್ಸ್‌ಚೇಂಜ್ ಇಂಥವು. ಕೆಲವದರಲ್ಲಿ ಎರಡು ಕುಟುಂಬದ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಕೆಲವು ವಾರ ಇರುತ್ತಾರೆ. ರಜೆಯಲ್ಲೇ ಮುಗಿಯುವುದರಿಂದ ಓದು ತಪ್ಪಲ್ಲ. ಆದರೆ ಇಷ್ಟು ದಿನ ಎರಡೂ ಕಡೆಯವರು ಅತಿಥಿ ಮರ್ಯಾದೆಯಲ್ಲೇ ಇರುತ್ತಾರೆ. ಜಗಳ, ರಾಜಿ, ಪಾತ್ರೆ ತೊಳೆಯುವ ಸರದಿ, ಇದೆಲ್ಲ ಶುರುವಾಗುವುದು ಅದರ ಮೇಲೆ.

ನೆಂಟರ ಮನೆಯಲ್ಲಿದ್ದು ಓದುವುದನ್ನು ನಾನು ಈ ಸಾಲಿಗೆ ಸೇರಿಸಲ್ಲ. ಅಮೆರಿಕದ ಎಕ್ಸ್‌ಚೇಂಜ್ ನಿಯಮದಲ್ಲಿ ನೆಂಟರ ಮನೆಯಲ್ಲಿ ಇಡುವಂತೆಯೇ ಇಲ್ಲ. ಹಾಸ್ಟೆಲ್ ಕೂಡ ಬೇರೆ ಮಾತು. "ಐದನೇ ಕ್ಲಾಸಿಂದ ಹಾಸ್ಟೆಲಲ್ಲೇ ಇದಾನೆ, ಏನೂ ತೊಂದ್ರೆ ಇಲ್ಲ" ಅಂತ ಧೈರ್ಯವಾಗಿರುವವರನ್ನು ನೋಡಿದ್ದೇನೆ. ಹಾಸ್ಟೆಲಿನ ನಿಯಮ ಗೋಡೆ ಮೇಲೆ ಬರೆದಿರುತ್ತೆ. ಮನೆಯ ನಿಯಮ ಎಲ್ಲೂ ಬರೆದಿರಲ್ಲ. ಸೋಫಾದಲ್ಲಿ ಯಾರ ಜಾಗ ಯಾವುದು, ಭಾನುವಾರ ಎಷ್ಟು ಹೊತ್ತಿಗೆ ಏಳಬೇಕು, ನಾಯಿ ಹಾಸಿಗೆ ಮೇಲೆ ಹತ್ತಿದರೆ ಏನನ್ನಬೇಕು, ಎಲ್ಲ ನೋಡಿ ನೋಡಿ ಕಲಿಯಬೇಕು. ನಾಯಿಯ ವಿಷಯ ಸಣ್ಣದಲ್ಲ. ನಮ್ಮ ತೋಟದ ಮನೆಗಳಲ್ಲಿ ನಾಯಿ ಅಂಗಳದಲ್ಲಿರುತ್ತೆ. ಅಲ್ಲಿ ಎಷ್ಟೋ ಮನೆಗಳಲ್ಲಿ ನಾಯಿ, ಬೆಕ್ಕು ಮನೆಯೊಳಗೇ. ಭಯವಿದ್ದರೆ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಡಬೇಡಿ.

ಯಾವ ಸಂಸ್ಥೆಯನ್ನಾದರೂ ಅಳೆಯಲು ಒಂದು ಕೋಲು

ಅಮೆರಿಕದ ಜೆ-1 ವೀಸಾದ (ಎಕ್ಸ್‌ಚೇಂಜ್‌ಗೆ ಹೋಗುವವರಿಗೆ ಕೊಡುವ ವೀಸಾ) ಶಾಲಾ ಎಕ್ಸ್‌ಚೇಂಜ್‌ಗೆ ಅಲ್ಲಿನ ಸರ್ಕಾರ ಹಾಕಿರುವ ನಿಯಮಗಳು ನನಗೆ ಒಳ್ಳೆಯ ಅಳತೆಗೋಲು ಅನ್ನಿಸಿವೆ. ಬೇರೆ ದೇಶಕ್ಕೆ ಹೋಗುವುದಾದರೂ ಇವನ್ನೇ ಇಟ್ಟುಕೊಂಡು ಪ್ರಶ್ನೆ ಕೇಳಿ.

ಮಗು ಊರು ಬಿಡುವ ಮೊದಲೇ ಮನೆ, ಶಾಲೆ ಎರಡೂ ಗೊತ್ತಾಗಿರಬೇಕು. ಹೋಸ್ಟ್ ಮನೆಯವರನ್ನು ಅವರ ಮನೆಗೇ ಹೋಗಿ ಮಾತಾಡಿಸಿರಬೇಕು. ಆ ಮನೆಯಲ್ಲಿರುವ 18 ದಾಟಿದ ಪ್ರತಿಯೊಬ್ಬರ ಅಪರಾಧ ದಾಖಲೆ ಪರಿಶೀಲನೆ ಆಗಿರಬೇಕು. ಮಗುವಿಗೆ ತನ್ನದೇ ಹಾಸಿಗೆ ಇರಬೇಕು. ರೂಮು ಹಂಚಿಕೊಂಡರೆ ಒಬ್ಬರ ಜೊತೆ ಮಾತ್ರ, ಅದೂ ಹುಡುಗಿಯ ಜೊತೆ ಹುಡುಗಿ, ಹುಡುಗನ ಜೊತೆ ಹುಡುಗ. ಸಂಸ್ಥೆಯ ಸ್ಥಳೀಯ ಪ್ರತಿನಿಧಿ 120 ಮೈಲಿಯೊಳಗೆ ಇರಬೇಕು, ಹೆಚ್ಚುಕಡಿಮೆ ಹಾಸನದಿಂದ ಬೆಂಗಳೂರಿನಷ್ಟು ದೂರ. ಅವರು ತಿಂಗಳಿಗೊಮ್ಮೆ ಮಗುವನ್ನೂ, ಮನೆಯವರನ್ನೂ ವಿಚಾರಿಸಲೇಬೇಕು. ಮನೆಯವರಿಗೆ ಸಂಭಾವನೆ ಇಲ್ಲ. ಸಂಸ್ಥೆಯ ಜೊತೆ ಲಿಖಿತ ಒಪ್ಪಂದ ಇದ್ದರೆ ತಿಂಗಳಿಗೆ 50 ಡಾಲರ್‌ವರೆಗಿನ ಖರ್ಚನ್ನು ತೆರಿಗೆಯಲ್ಲಿ ದಾನದ ಲೆಕ್ಕಕ್ಕೆ ತೋರಿಸಬಹುದು, ಅಷ್ಟೇ. ಒಂದು ಮಗುವಿನ ಊಟಕ್ಕೂ ಅದು ಸಾಲಲ್ಲ. ದುಡ್ಡಿಗಾಗಿ ಯಾರೂ ಈ ಕೆಲಸಕ್ಕೆ ಬರಲ್ಲ ಅನ್ನುವುದು ನನಗೆ ಸಮಾಧಾನ ಕೊಟ್ಟ ಸಂಗತಿ.

"ಮನೆ ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತೆ" ಅನ್ನುವವರ ಹತ್ತಿರ ಮುಂದಿನ ಮಾತು ಬೇಡ.

ಓದು, ಪಾಸ್‌ಪೋರ್ಟು

ಅಮೆರಿಕ, ಯುರೋಪಿನ ಶಾಲಾ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ಶುರುವಾಗಿ ಜೂನ್ ಹೊತ್ತಿಗೆ ಮುಗಿಯುತ್ತೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗಿ ಬಂದರೆ ಸರಿಯಾಗಿ ಮುಂದಿನ ವರ್ಷದ ಪಿಯುಗೆ ಸೇರಬಹುದು. ಅಲ್ಲಿ ಓದಿದ್ದು ಇಲ್ಲಿ ಪ್ರಥಮ ಪಿಯು ಆಗಲ್ಲ. ಒಂದು ವರ್ಷ ಹಿಂದೆ ಬೀಳುತ್ತೆ ಅನ್ನುವುದನ್ನು ಒಪ್ಪಿಕೊಂಡೇ ಹೊರಡಿ. ಪ್ರಥಮ ಪಿಯು ಮಧ್ಯದಲ್ಲಿ ಬಿಟ್ಟು ಹೋಗುವುದು ಬೇಡ. ಸಿಇಟಿಗೆ ತೊಂದರೆಯಾಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುವುದು ಅದರ ಸಾಮಾನ್ಯ ನಿಯಮ. ಇಲ್ಲೇ ಓದಿದ ಮಗು ಒಂದು ವರ್ಷ ಹೊರಗಿದ್ದರೆ ಆ ಲೆಕ್ಕ ಕೆಡಲ್ಲ.

ಪಾಸ್‌ಪೋರ್ಟಿನಲ್ಲಿ ಹೆಸರಿನ ಯಾವ ಭಾಗವನ್ನೂ ಖಾಲಿ ಬಿಡಬೇಡಿ. ನಮ್ಮ ಮಕ್ಕಳಿಗೆ ಇನಿಷಿಯಲ್ ಇರುತ್ತೆ, ಸರ್‌ನೇಮ್ ಇರಲ್ಲ. ನಮ್ಮ ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇತ್ತು. ಅಮೆರಿಕದ ವೀಸಾದಲ್ಲಿ ಅವಳ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್ಎನ್‌ಯು" ಅಂತ ಬಂತು. ಮೊದಲ ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಅದು ಸಂಕ್ಷಿಪ್ತ ರೂಪ. ಶಾಲೆಯವರು ಅದನ್ನೇ ಹೆಸರು ಅಂದುಕೊಂಡರು. ವಿಮಾನ ನಿಲ್ದಾಣದಲ್ಲಿ ಆ ಪುಟ್ಟ ತಮ್ಮಂದಿರು ಬಣ್ಣದ ಪೆನ್ಸಿಲಿನಲ್ಲಿ ಬರೆದು ಹಿಡಿದಿದ್ದ ಬೋರ್ಡಿನಲ್ಲಿ "ವೆಲ್‌ಕಮ್ ಫ್ನು" ಅಂತ ಇತ್ತು. ಆ ಬೋರ್ಡ್ ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ.

ಫೋನು

ದಿನಾ ಮಾಡಬೇಡಿ. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ. ನಾನು ಮೊದಲ ತಿಂಗಳು ದಿನಾ ಮಾಡಿದೆ. ನಮ್ಮ ಬೆಳಗು ಅವಳ ಸಂಜೆ. ಅಲ್ಲಿ ಮನೆಯವರೆಲ್ಲ ಹಾಲಿನಲ್ಲಿ ಕೂತು ಮಾತಾಡುವ ಹೊತ್ತಿಗೆ ಸರಿಯಾಗಿ ನನ್ನ ಫೋನು. ಅವಳು ಎದ್ದು ರೂಮಿಗೆ ಹೋಗುವಳು. ಅವರ ಜೊತೆ ಬೆರೆಯುವ ಆ ಒಂದು ಗಂಟೆಯನ್ನು ನಾನೇ ಕಿತ್ತುಕೊಳ್ಳುತ್ತಿದ್ದೆ. ಅದು ನನಗೆ ಹೊಳೆದದ್ದು ಜರ್ಮನಿಯ ಹುಡುಗಿಯಿಂದ. ಅವಳ ತಾಯಿ ಭಾನುವಾರ ಮಾತ್ರ ಮಾಡುತ್ತಿದ್ದರು. ಉಳಿದ ಆರು ದಿನವೂ ಆ ಹುಡುಗಿ ನಮ್ಮವಳು. ಬೇಲೂರಿಗೆ ಹೋದಾಗ, ಅವರೆಕಾಯಿ ಸುಲಿಯುವಾಗ, ಅತ್ತೆಯ ಕಾಲು ಒತ್ತುವಾಗ. ಅದನ್ನು ನೋಡಿ ನಾನೂ ಭಾನುವಾರಕ್ಕೆ ಇಳಿದೆ. ಕಷ್ಟವಾಯಿತು, ಆದರೆ ಇಳಿದೆ.

ಅವತ್ತು ಫೈಲು ಹಿಡಿದು ಬಂದವರಿಗೆ ಇಷ್ಟನ್ನೂ ಹೇಳಿದೆ. ಕೊನೆಗೆ ಅಪ್ಪ, "ಹಂಗಾದ್ರೆ ನಮ್ಮ ಹುಡುಗನಿಗೆ ಯಾವ್ದು ಸರಿ ಅಕ್ಕಾ?" ಅಂದರು. ಅದನ್ನು ತಿಳಿಯಲು ಒಂದು ದಾರಿ ಹೇಳಿಕೊಟ್ಟೆ. ದಸರಾ ರಜೆಯಲ್ಲಿ ಹತ್ತು ದಿನ ಅವನನ್ನು ಚಿಕ್ಕಮಗಳೂರಿನ ನಮ್ಮ ಅಕ್ಕನ ಮನೆಗೆ ಕಳಿಸಿ. ಅವರಿಗೂ ನಿಮಗೂ ಗುರುತಿಲ್ಲ, ಅದೇ ಒಳ್ಳೇದು. ಫೋನು ಒಂದೇ ಸಲ, ಭಾನುವಾರ. ಅಕ್ಕನಿಗೆ ನಾನು ಹೇಳಿಟ್ಟಿರುತ್ತೇನೆ, ಎರಡನೇ ಸಲ ಬಡಿಸಬೇಡ ಅಂತ. ಇನ್ನೊಂದು ಅಕ್ಕಿರೊಟ್ಟಿ ಬೇಕಿದ್ದರೆ ಅವನೇ ಕೇಳಲಿ.

ಮೂರು ದಿನದಲ್ಲಿ ಕೇಳಿದರೆ ಒಂದೇ ಮನೆಯ ಅರ್ಜಿ ಹಾಕಿ ಅಂದೆ. ಹತ್ತನೇ ದಿನಕ್ಕೆ ಕೇಳಿದರೆ ಮೂರು ಮನೆಯದ್ದು. ಕೇಳದೇ ಬಂದರೆ ಮೊದಲು ಮೂರು ವಾರದ್ದಕ್ಕೆ ಕಳಿಸೋಣ.

ಅಮ್ಮ ಮಗನ ಮುಖ ನೋಡಿದರು. ಹುಡುಗ ತಟ್ಟೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ತುಂಬ ಸಣ್ಣ ದನಿಯಲ್ಲಿ, "ಆಂಟಿ, ಇನ್ನೊಂದು ತಗೊಳ್ಳಲಾ?" ಅಂದ.